ನೆಟ್ಟಗಿದ್ದ ಮೂಳೆ

ಎಡಗಾಲಿನ ಮೂಳೆ ನೆಟ್ಟಗಿತ್ತು.

ನೊಮಿಕಿ ಅದನ್ನು ಇನ್ನೊಮ್ಮೆ ವೈನಿನಲ್ಲಿ ಅದ್ದಿದಳು, ಸ್ಪಂಜಿನಿಂದ ಉಜ್ಜಿದಳು, ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಎಲ್ಲೂ ಗಂಟಿಲ್ಲ, ಸೊಟ್ಟಿಲ್ಲ. ಕಾಲು ಅದಲುಬದಲಾಯಿತೇನೋ ಎಂದು ಬಲಗಾಲಿನದ್ದನ್ನೂ ಎತ್ತಿ ನೋಡಿದಳು. ಅದೂ ನೆಟ್ಟಗಿತ್ತು.

ಅವಳ ಮಗ ಸಕೆಲಾರಿಸ್ ಒಂಬತ್ತು ವರ್ಷದವನಿದ್ದಾಗ ಮೇಕೆಯ ಹಿಂದೆ ಓಡಿ, ಬಂಡೆಯಿಂದ ಬಿದ್ದು, ಮೊಣಕಾಲಿನ ಕೆಳಗೆ ಎಡಗಾಲು ಮುರಿದುಕೊಂಡಿದ್ದ. ಮೂಳೆ ಸೊಟ್ಟಗೇ ಕೂಡಿತು. ಕೊನೆಯವರೆಗೂ ಕುಂಟುತ್ತಿದ್ದ, ಅದೂ ನೆಲದ ಮೇಲೆ ಮಾತ್ರ. ನೀರಿಗಿಳಿದರೆ ಅವನಷ್ಟು ಆಳಕ್ಕೆ ಮುಳುಗಿ ಕಡಲತಳದಲ್ಲಿ ಬೆಳೆಯುವ ಸ್ಪಂಜು ಕಿತ್ತು ತರುವವನು ಕಾಲಿಮ್ನೊಸ್‌ನಲ್ಲಿ ಇನ್ನೊಬ್ಬನೇ ಇದ್ದ. ಪಕ್ಕದ ಮನೆಯ ಥೆಮೆಲಿಸ್.

ಕಾಲಿಮ್ನೊಸ್ ದ್ವೀಪದಲ್ಲಿ ಕಲ್ಲಿಗೆ ಬರವಿಲ್ಲ, ಬರವಿರುವುದು ಮಣ್ಣಿಗೆ. ಕಡಲಿನಿಂದ ನೇರವಾಗಿ ಎದ್ದ ಬೂದು ಬೆಟ್ಟಗಳು, ಬೆಟ್ಟದ ಹೊಟ್ಟೆಯಲ್ಲಿ ಗುಹೆಗಳು, ಗುಹೆಯ ಬಾಯಲ್ಲಿ ಮೇಕೆಗಳು. ಗುದ್ದಲಿ ಇಳಿಯುವಂಥ ಜಾಗಗಳನ್ನು ಬೆರಳಲ್ಲಿ ಎಣಿಸಬಹುದು. ಅದರಲ್ಲೇ ನಿಂಬೆ ಬೆಳೆಯಬೇಕು, ಅದರಲ್ಲೇ ಸತ್ತವರೂ ಮಲಗಬೇಕು. ಹಾಗಾಗಿ ಸತ್ತವರಿಗೆ ಮಣ್ಣು ಮೂರು ವರ್ಷ ಮಾತ್ರ. ಆಮೇಲೆ ಅಗೆದು, ಮೂಳೆಗಳನ್ನು ವೈನಿನಲ್ಲಿ ತೊಳೆದು, ಪೆಟ್ಟಿಗೆಗೆ ತುಂಬಿ, ಹೆಸರು ಬರೆದು, ಚರ್ಚಿನ ಹಿಂದಿನ ಕೋಣೆಯಲ್ಲಿ ಇಡುತ್ತಾರೆ. ಗುಂಡಿ ಮುಂದಿನವರಿಗೆ.

ಸ್ಮಶಾನದ ಗೋಡೆಯಾಚೆ ಬೆಳಗಿನ ಹಡಗಿನಿಂದ ಇಳಿದ ಪ್ರವಾಸಿಗಳ ಗುಂಪೊಂದು ನಿಂತಿತ್ತು. ಎದುರಿನ ತೆಲೆಂದೊಸ್ ನಡುಗಡ್ಡೆಯ ಬೆಟ್ಟ ಮಲಗಿದ ಹೆಣ್ಣಿನಂತೆ ಕಾಣುವುದನ್ನು ಯಾರೋ ತೋರಿಸುತ್ತಿದ್ದರು. ಒಬ್ಬಳು ಇತ್ತ ಕ್ಯಾಮೆರಾ ತಿರುಗಿಸಿದಳು. ಗುಂಡಿ ಕಂಡದ್ದೇ ಕೆಳಗಿಳಿಸಿ, ಮತ್ತೆ ಬೆಟ್ಟದ ಕಡೆ ತಿರುಗಿದಳು.

ಮೂರು ವರ್ಷದ ಹಿಂದೆ ಸಕೆಲಾರಿಸ್ ಮತ್ತು ಥೆಮೆಲಿಸ್ ಇಬ್ಬರೇ ಸಣ್ಣ ದೋಣಿಯಲ್ಲಿ ಹೋಗಿದ್ದರು. ದಡದಿಂದ ಕಾಣುವಷ್ಟು ಹತ್ತಿರದಲ್ಲೇ ಗಾಳಿ ದೋಣಿಯನ್ನು ಮಗುಚಿ ಹಾಕಿತು. ಗಂಡ ಸತ್ತ ನೊಮಿಕಿಗೆ ಇದ್ದವನು ಅವನೊಬ್ಬನೇ. ಎಂಟು ದಿನ ಊಟ ಬಿಟ್ಟು ಬಂಡೆಯ ತುದಿಯಲ್ಲಿ ಕೂತಳು. ಎರಡು ಸಲ ಜನ ಅವಳನ್ನು ಹಿಡಿದು ಹಿಂದಕ್ಕೆಳೆದರು. ಒಂಬತ್ತನೆಯ ದಿನ ವಾಥಿ ಕೊಲ್ಲಿಗೆ ಒಂದು ಹೆಣ ತೇಲಿ ಬಂತು. ಮುಖವೆಂಬುದು ಉಳಿದಿರಲಿಲ್ಲ. ಮೈಮೇಲಿದ್ದ ನೀಲಿ ಸ್ವೆಟರ್ ಅವಳ ಕೈಯಾರೆ ಹೆಣೆದದ್ದು. ‘ನನ್ನ ಮಗ’ ಎಂದು ಚೀರಿ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಳು. ಹೆಣವನ್ನು ತೊಳೆದು, ಬಟ್ಟೆ ಉಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿದವಳು ಥೆಮೆಲಿಸನ ತಾಯಿ ಸೆವಾಸ್ತಿ. ಅವಳ ಮಗ ಕೊನೆಗೂ ಸಿಗಲಿಲ್ಲ.

ಆ ಇಬ್ಬರು ಹುಡುಗರ ಬಟ್ಟೆಗೆ ಎಂದೂ ಒಬ್ಬ ಒಡೆಯನಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ತೊಟ್ಟುಕೊಂಡು ಹೋಗುತ್ತಿದ್ದರು. ನೊಮಿಕಿಗೆ ಅದು ಈಗ ನೆನಪಾಯಿತು. ಈಗ!

ಎದುರಿಗೇ ಸೆವಾಸ್ತಿ ಕೂತಿದ್ದಳು, ತೊಳೆದ ಮೂಳೆಗಳನ್ನು ಒಂದೊಂದಾಗಿ ಬಿಳಿ ಬಟ್ಟೆಯಲ್ಲಿ ಒರೆಸುತ್ತ. ಮೂರು ವರ್ಷ ಒಂದು ಶನಿವಾರವೂ ತಪ್ಪಿಸದೆ ಎಣ್ಣೆ ತಂದು ಈ ಗೋರಿಗೆ ದೀಪ ಹಚ್ಚಿದವಳು. ಊರಿನವರು ಆಡಿಕೊಂಡರು. ನೊಮಿಕಿಗೂ ಒಂದು ದಿನ ರೇಗಿಹೋಗಿತ್ತು: “ನಿನ್ನ ಮಗನಿಗೆ ಕಡಲಿಗೆ ಹೋಗಿ ಹೂ ಹಾಕ್ಕೋ ಹೋಗೇ. ನನ್ನ ಮಗನ್ನ ನನಗೆ ಬಿಡು!” ಸೆವಾಸ್ತಿ ಬತ್ತಿ ಸರಿಮಾಡಿ ಎದ್ದು ಹೋಗಿದ್ದಳು.

ನೊಮಿಕಿ ಆ ಮೂಳೆಯನ್ನು ಸದ್ದಿಲ್ಲದೆ ಮಡಿಲ ಬಟ್ಟೆಯೊಳಗೆ ಸೇರಿಸಿಕೊಂಡಳು.

“ಅಕ್ಕಾ, ಕಾಲಿಂದು ಒಂದು ಕಮ್ಮಿ ಇದೆ,” ಎಂದ ಗುಂಡಿ ಅಗೆಯುವ ದ್ರೋಸೊಸ್. “ಮಣ್ಣಲ್ಲೇ ಉಳೀತೇನೋ, ಇಳಿದು ನೋಡ್ಲಾ?”

“ಬೇಡಪ್ಪ, ನನ್ನ ಹತ್ರಾನೇ ಇದೆ. ನೀನು ಹೋಗಿ ಪಾದ್ರಿನ ಕರ್ಕೊಂಡು ಬಾ.”

ಅವನು ಹೋದ. ಸುಮ್ಮನಿದ್ದರೆ ಆಯಿತು. ಪಾದ್ರಿ ಬಂದು ಪ್ರಾರ್ಥನೆ ಹೇಳಿ ಪೆಟ್ಟಿಗೆ ಮುಚ್ಚಿದರೆ ಆ ಪೆಟ್ಟಿಗೆಯ ಮೇಲೆ ಸಕೆಲಾರಿಸ್ ಎಂದೇ ಇರುತ್ತದೆ. ಬಾಯಿಬಿಟ್ಟರೆ ಮಗ ಎರಡನೆಯ ಸಲ ಕಡಲಿಗೆ ಹೋಗುತ್ತಾನೆ. ಆಮೇಲೆ ದೀಪವಿಲ್ಲ, ಪೆಟ್ಟಿಗೆಯಿಲ್ಲ, ಕೈಯಿಟ್ಟು ಅಳಲು ಒಂದು ಕಲ್ಲೂ ಇಲ್ಲ. ಅದನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎದುರಿಗೆ ಕೂತವಳು ಮೂರು ವರ್ಷದಿಂದ ಹಾಗೇ ಬದುಕಿದ್ದಳು.

“ಸೆವಾಸ್ತಿ.” ನೊಮಿಕಿ ಮೂಳೆಯನ್ನು ಹೊರತೆಗೆದು ಮುಂದೆ ಹಿಡಿದಳು. “ಇದು ನೋಡೇ. ಈ ಕಾಲು ಯಾವತ್ತೂ ಮುರಿದೇ ಇಲ್ಲ.”

“ಹೂಂ.”

“ಹೂಂ ಅಂತೀಯಲ್ಲೇ! ಇವನು ನನ್ನ ಸಕೆಲಾರಿಸ್ ಅಲ್ಲ. ನಿನ್ನ ಥೆಮೆಲಿಸ್ ಕಣೇ ಇವನು. ಸ್ವೆಟರ್ ನೋಡಿ ಮೋಸಹೋದೆ. ಮೂರು ವರ್ಷ ನಿನ್ನ ಮಗನ್ನ ನಾನು ಇಟ್ಕೊಂಡು ಕೂತೆ. ನಿನಗೇ ಹೋಗು ಅಂದೆ! ಹೊಡಿ, ಮುಖಕ್ಕೆ ಉಗಿ, ಏನಾದ್ರೂ ಮಾಡು. ಪೆಟ್ಟಿಗೆ ಮೇಲೆ ನಿನ್ನ ಮಗನ ಹೆಸರು ಬರೆಸ್ತೀನಿ. ಪಾದ್ರಿಗೆ ನಾನೇ ಹೇಳ್ತೀನಿ.”

ಸೆವಾಸ್ತಿ ಮೂಳೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಬಟ್ಟೆಯಲ್ಲಿ ನಿಧಾನವಾಗಿ ಒರೆಸಿದಳು. ಸಕೆಲಾರಿಸ್ ಎಂದು ಬರೆದ ಪೆಟ್ಟಿಗೆಯಲ್ಲೇ ಉಳಿದವುಗಳ ಪಕ್ಕ ಮಲಗಿಸಿ ಮುಚ್ಚಳ ಎಳೆದಳು. ಕಣ್ಣೀರು ಮುಚ್ಚಳದ ಮೇಲೆ ಬಿತ್ತು. ಅದನ್ನೂ ಒರೆಸಿದಳು.

“ಅವತ್ತು ಮೈ ತೊಳೀವಾಗ್ಲೇ ಗೊತ್ತಾಯ್ತು ಕಣೇ, ನೊಮಿಕಿ. ನನಗೆ ಮನೇಲಿ ಇನ್ನೂ ಇಬ್ಬರು ಮಕ್ಕಳಿದ್ರು, ನಿನಗೆ ಯಾರಿದ್ರು ಹೇಳು?”