ಟವೆಲ್‌ಗಳ ಹಿಂದೆ ಕೃಷ್ಣ

ಹೆಂಡರ್ಸನ್ ಬಡಾವಣೆಯ ನನ್ನ ಮನೆಯಲ್ಲಿ ಈಗಲೂ ಬಿಸಿನೀರಿನ ಸಿಲಿಂಡರ್ ಇರುವ ಕಪಾಟು ತೆರೆದರೆ, ಬೆಚ್ಚಗಿನ ಟವೆಲ್‌ಗಳ ವಾಸನೆಗೆ ಚಿಕ್ಕವಳಿದ್ದಾಗ ನಾವಿದ್ದ ಅಪ್ಪರ್ ಹಟ್ ಊರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ನಮ್ಮ ಬಾಡಿಗೆ ಮನೆಯ ತಪಾಸಣೆಗೆ ಮಾಲೀಕರ ಏಜೆಂಟ್ ಬರುವವಳಿದ್ದಳು. ದೀಪದ ಮಸಿ, ಊದುಬತ್ತಿ ವಾಸನೆ ಎಂದು ತಕರಾರು ತೆಗೆದು ಮನೆ ಬಿಡಿಸಿಯಾಳೆಂದು ಅಮ್ಮನಿಗೆ ಭಯ. ಪ್ರತಿ ಸಲದಂತೆ ದೇವರನ್ನೆಲ್ಲ ಅಲ್ಲಿನ ಅಂಥದೇ ಕಪಾಟಿನಲ್ಲಿ ಟವೆಲ್‌ಗಳ ಹಿಂದೆ ಇಡುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಎಲೆನಾ ಆಂಟಿ ತಮ್ಮ ಮರದ ಪ್ಲಮ್ ಹಣ್ಣು ಹಿಡಿದು ಬಂದರು. ರುಮೇನಿಯಾದಿಂದ ಬಂದಿದ್ದ ಮುದುಕಿ.

"ನಿನ್ನ ಕೃಷ್ಣನಿಗೆ ಅಲ್ಲಿ ಸೆಕೆ ಆಗಲ್ವಾ?" ಎಂದು ಇಂಗ್ಲಿಷಿನಲ್ಲಿ ರೇಗಿಸಿದರು.

"ಏಜೆಂಟ್ ಬಂದು ಹೋಗೋವರೆಗೂ ಅಷ್ಟೇ," ಎಂದರು ಅಮ್ಮ.

ಆಂಟಿಯ ನಗು ನಿಂತಿತು. "ನಮ್ಮೂರಲ್ಲಿ ಕಮ್ಯುನಿಸ್ಟ್ ನಾಯಕನಿಗೆ ಅರಮನೆ ಬೇಕಾಯ್ತು. ನಮ್ಮ ಬೀದೀನೇ ಕೆಡವಿದರು. ಚರ್ಚನ್ನ ಹಳಿ ಮೇಲೆ ಉರುಳಿಸಿಕೊಂಡು ಹೋಗಿ ಎತ್ತರದ ಫ್ಲ್ಯಾಟ್‌ಗಳ ಹಿಂದೆ ನಿಲ್ಲಿಸಿದರು. ರಸ್ತೇಲಿ ಹೋಗೋರಿಗೆ ಅವನ ಕಟ್ಟಡ ಕಾಣಬೇಕು, ದೇವರು ಕಾಣಬಾರದು. ಅಲ್ಲಿ ಸರ್ಕಾರ ಬಚ್ಚಿಡ್ತು. ಇಲ್ಲಿ ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

ಅಮ್ಮ ಟವೆಲ್‌ಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನತ್ತ ತಿರುಗಿ, "ಕೈ ತೊಳ್ಕೊಂಡು ಬಾರೇ, ಕೃಷ್ಣನ್ನ ಹಿಡ್ಕೋ," ಎಂದರು.

ದೇವರ ದಯೆ, ಬೆಲ್ ಆಗುವ ಮೊದಲೇ ಹಾಲ್‌ನ ಮೂಲೆಯಲ್ಲಿ ಕೃಷ್ಣನ ಮುಂದೆ ದೀಪ ಹತ್ತಿತ್ತು. ಅಮ್ಮ ಬಾಗಿಲು ತೆರೆದರು. ಏಜೆಂಟ್ ಒಳಗೆ ಬಂದು ಗೋಡೆ ನೋಡಿದಳು, ದೀಪ ನೋಡಿದಳು. ಆಮೇಲೆ ಗುಡಿಯೊಳಗೆ ಮಾತಾಡುವವಳಂತೆ ದನಿ ತಗ್ಗಿಸಿ, "ಅಡುಗೆಮನೆ ನೋಡಬಹುದಾ?" ಎಂದು ಕೇಳಿದಳು.