ಮೂರನೆಯ ಡಬ್ಬಿ

ತಮ್ಮನು ಡಬ್ಬಿಯನ್ನು ಕಿಟಕಿಯ ಒಳಕ್ಕೆ ತಳ್ಳಿದ. ಅದರಲ್ಲಿದ್ದುದು ಹಲ್ಲಿಯ ಹಿಕ್ಕೆ. ಮುನಿಸಿಕೊಂಡ ಅಕ್ಕನನ್ನು ನೋಡಲು ಇಂಥ ಉಡುಗೊರೆ ಹಿಡಿದು ಬಂದ ತಮ್ಮ ಜಗತ್ತಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

"ಯಾವಾಗ ಹಾಕಿದ್ದು?" ಗಾಜಿನ ಆಚೆಯಿಂದ ಅಕ್ಕ ಕೇಳಿದಳು. ಈ ಪ್ರಾಣಿ ಆಸ್ಪತ್ರೆಯಲ್ಲಿ ಹಾವು, ಆಮೆ, ಹಲ್ಲಿಗಳ ಮಲ ಪರೀಕ್ಷೆ ಅವಳ ಕೆಲಸ.

"ಬೆಳಿಗ್ಗೆ ಆರಕ್ಕೆ. ಬಿಸಿ ಬಿಸಿಯಾಗೇ ತಂದಿದ್ದೀನಿ."

ಅವಳು ನಗಲಿಲ್ಲ. "ಡಬ್ಬಿ ಮೇಲೆ ತಾರೀಖು ಬರೆದು, ಹೊರಗೆ ಕೂತ್ಕೊಳ್ಳಿ," ಎಂದಳು. ಒಂದು ಕಾಲದಲ್ಲಿ ಬಾಯಿ ತುಂಬ 'ಲೋ' ಎನ್ನುತ್ತಿದ್ದವಳು ಈಗ 'ಕೂತ್ಕೊಳ್ಳಿ' ಎನ್ನುತ್ತಾಳೆ. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಪ್ಪು ಅವನದೇ. ಐದು ವರ್ಷದ ಹಿಂದೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕ, ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವ ಹನ್ನೆರಡು ಚುಕ್ಕೆ ಹಲ್ಲಿಗಳನ್ನು ಸಾಕಿದ್ದಳು, ಒಂದೊಂದಕ್ಕೂ ಒಂದೊಂದು ಗಾಜಿನ ಪೆಟ್ಟಿಗೆ. ಇವನು ಆಸೆಪಟ್ಟು ಹದಿಮೂರನೆಯದನ್ನು ತಂದ. ಹೊಸದು ತೊಂಬತ್ತು ದಿನ ಬೇರೆ ಕೋಣೆಯಲ್ಲಿರಬೇಕು, ಅದರ ನೀರಿನ ಬಟ್ಟಲು ಬೇರೆ, ಮಿಡತೆ ತಿನ್ನಿಸುವ ಚಿಮಟ ಬೇರೆ, ಅದಕ್ಕೆ ಊಟ ಎಲ್ಲಕ್ಕಿಂತ ಕೊನೆಗೆ ಎಂದು ಅಕ್ಕ ಬಾಗಿಲಿಗೇ ಬರೆದು ಅಂಟಿಸಿದ್ದಳು. ಅವಳು ಎರಡು ದಿನ ಊರಿಗೆ ಹೋದಾಗ ಈ ಮಹರಾಯ ಮುದ್ದಿನ ಹೊಸದಕ್ಕೆ ಮೊದಲು ತಿನ್ನಿಸಿ, ಅದೇ ಚಿಮಟದಲ್ಲಿ ಉಳಿದವಕ್ಕೂ ತಿನ್ನಿಸಿದ.

ಹೊಸದರ ಕರುಳಿನಲ್ಲಿ ಪರೋಪಜೀವಿ ಇತ್ತು, ಔಷಧಿಗೆ ಬಗ್ಗದ ಜಾತಿಯದು. ಬೆರಳು ದಪ್ಪದ ಬಾಲಗಳು ಒಂದೊಂದಾಗಿ ಬೆಂಕಿಕಡ್ಡಿಯಂತಾದವು. ಆರು ತಿಂಗಳಲ್ಲಿ ಹೊಸದೂ ಹೋಯಿತು, ಅಕ್ಕನ ಹನ್ನೊಂದು ಹಲ್ಲಿಗಳೂ ಹೋದವು. ಅವಳ ಮಂಚದ ಪಕ್ಕ ಇರುತ್ತಿದ್ದ 'ಅಜ್ಜಿ' ಎಂಬ ಹಲ್ಲಿ ಮಾತ್ರ ಉಳಿದಳು. ಕಾರಣ ಇಷ್ಟೇ, ಆ ಎರಡು ದಿನ ಅವಳಿಗೆ ಊಟ ಹಾಕುವುದನ್ನೇ ಇವನು ಮರೆತಿದ್ದ. ಅಕ್ಕ ಅಜ್ಜಿಯನ್ನು ಎತ್ತಿಕೊಂಡು ಬೇರೆ ಮನೆ ಮಾಡಿದಳು. ಆಮೇಲೆ ಫೋನೂ ಇಲ್ಲ, ಹಾಳೂ ಇಲ್ಲ.

ಎರಡು ವರ್ಷ ಖಾಲಿ ಮನೆಯಲ್ಲಿದ್ದು ಸಾಕಾಗಿ ಅವನು ಇನ್ನೊಂದು ಹಲ್ಲಿ ತಂದುಕೊಂಡಿದ್ದ. ತಿಂಗಳ ಹಿಂದೆ ಅದರ ಬಾಲ ಸಣ್ಣಗಾದದ್ದು ಕಂಡು ಎದೆ ಒಡೆದು ಇಲ್ಲಿಗೆ ಓಡಿ ಬಂದರೆ, ಕಿಟಕಿಯ ಆಚೆ ಅಕ್ಕ. ಈ ಪೀಡೆ ಪ್ರತಿ ಸಲದ ಹಿಕ್ಕೆಯಲ್ಲೂ ಸಿಗುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಮೂರು ಸಲ ತನ್ನಿ ಎಂದರು ಡಾಕ್ಟರು. ಇವತ್ತಿನದು ಮೂರನೆಯದು. ಹಲ್ಲಿ ಉಳಿಯಲಿ ಎಂದು ಅವನು ನಿಜವಾಗಿಯೂ ಬೇಡಿಕೊಂಡ. ಪರೀಕ್ಷೆ ಮುಗಿಯದಿರಲಿ ಎಂದೂ ಅಷ್ಟೇ ನಿಜವಾಗಿ ಬೇಡಿಕೊಂಡ.

ಅರ್ಧ ಗಂಟೆಯ ಮೇಲೆ ಅಕ್ಕ ಚೀಟಿ ಹಿಡಿದು ತಾನೇ ಹೊರಗೆ ಬಂದಳು.

"ಮೂರರಲ್ಲೂ ಏನೂ ಇಲ್ಲ. ಕಾವು ಸಾಲದೆ ಊಟ ಬಿಟ್ಟಿರಬೇಕು. ಬೆಚ್ಚಗಿಡಿ, ಸರಿಹೋಗುತ್ತೆ."

"ಹಾಗಾದ್ರೆ ಇನ್ನು ತರೋದು ಬೇಡ್ವಾ?"

"ಬೇಡ."

ಅವನಿಗೆ ಸಂತೋಷವಾಯಿತು. ಆದರೂ ಹೊರಡಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿದ, ಮತ್ತೆ ಬಿಡಿಸಿದ. ಅಕ್ಕ ಮೂಲೆಯ ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ಉಜ್ಜತೊಡಗಿದಳು.

"ಅಜ್ಜಿ ಇದ್ದಾಳಾ ಅಕ್ಕಾ?"

ಉಜ್ಜುತ್ತಿದ್ದ ಕೈ ಒಂದು ಗಳಿಗೆ ನಿಂತಿತು. "ಇದ್ದಾಳೆ. ಹದಿನಾಲ್ಕು ತುಂಬ್ತು. ಕಣ್ಣು ಮಂಜು. ಮೂತಿ ಹತ್ರ ಹಿಡಿದ್ರೇನೆ ತಿನ್ನೋದು."

"ನನ್ನ ಕಂಡ್ರೆ ಆಗ್ತಿರ್ಲಿಲ್ಲ ಅವಳಿಗೆ."

"ಈಗ ಯಾರನ್ನ ಕಂಡ್ರೂ ಆಗಲ್ಲ."

ಇಬ್ಬರ ತುಟಿಯಂಚಿನಲ್ಲೂ ನಗು ಬಂದು ಹೋಯಿತು. ಆ ಧೈರ್ಯದ ಮೇಲೆ ಅವನು ಕೇಳಿಬಿಟ್ಟ. "ಒಂದ್ಸಲ ಬಂದು ನೋಡ್ಲಾ? ಬಾಗಿಲಲ್ಲೇ ನಿಲ್ತೀನಿ. ಒಳಗೆ ಬರಲ್ಲ."

ಹಲ್ಲಿ ಸಾಕುವ ಒಬ್ಬರನ್ನೂ ಅಕ್ಕ ಈ ಐದು ವರ್ಷ ಮನೆಯ ಹೊಸಿಲು ದಾಟಿಸಿರಲಿಲ್ಲ. ಯಾರ ಕೈಯಲ್ಲಿ, ಯಾರ ಬಟ್ಟೆಯಲ್ಲಿ ಏನು ಅಂಟಿಕೊಂಡು ಬಂದೀತೋ ಎಂಬ ಭಯ. ಅವಳು ಮೊಣಕೈವರೆಗೂ ಉಜ್ಜಿದಳು, ಉಗುರಿನ ಸಂದಿಯನ್ನೂ ಬಿಡಲಿಲ್ಲ. ಅವನು ನೀರಿನ ಸದ್ದನ್ನೇ ಕೇಳುತ್ತಾ ನಿಂತ. ಬೇಡ ಅನ್ನಿಸಿಕೊಂಡು ಹೋಗಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದ.

ನಲ್ಲಿ ನಿಂತಿತು.

"ಭಾನುವಾರ ಬಾ. ಆವತ್ತು ನಿನ್ನ ಹಲ್ಲೀನ ಮುಟ್ಟಬೇಡ. ಸ್ನಾನ ಮಾಡಿ, ಒಗೆದ ಬಟ್ಟೆ ಹಾಕ್ಕೊಂಡು ನೆಟ್ಟಗೆ ನಮ್ಮನೆಗೆ ಬಾ."

"ಆಯ್ತಕ್ಕಾ. ಬಾಗಿಲಲ್ಲೇ..."

"ಬಾಗಿಲಲ್ಲಿ ನಿಂತು ಏನ್ಮಾಡ್ತೀಯಾ? ಆವತ್ತು ಎರಡು ದಿನ ಉಪವಾಸ ಕೆಡವಿದ್ದೆಯಲ್ಲ, ಈಗ ನೀನೇ ತಿನ್ಸು." ಅಕ್ಕ ಕೈ ಒರೆಸಿಕೊಳ್ಳುತ್ತಾ ಒಳಗೆ ಹೊರಟಳು. ಬಾಗಿಲು ಮುಚ್ಚುವ ಮೊದಲು ತಿರುಗಿ ನೋಡಿದಳು.

"ಚಿಮಟ ಮಾತ್ರ ತರಬೇಡ ಕಣೋ. ನಂದೇ ಕೊಡ್ತೀನಿ."