ಉಲ್ಟಾ ಚಪ್ಪಲ್

ಉದಗೀರದ ಮಂಗಲ ಕಾರ್ಯಾಲಯಕ್ಕೆ, ಅಂದರೆ ಅವತ್ತು ಹಾಡಬೇಕಿದ್ದ ಮದುವೆ ಹಾಲಿಗೆ, ಬೀಗ ಬಿದ್ದಿತ್ತು. ಪುಢಾರಿ ಭಾವೂನ ಹುಡುಗರು ಬಂದು ಬೀಗ ಹಾಕಿಸಿ ಹೋಗಿದ್ದರಂತೆ. ಋಷಿಕೇಶ ಮನೋಜನ ಕಾಲರ್ ಹಿಡಿದ.

"ಇಲ್ಲಿ ಹಾಡತೀವಂತ ಇನ್ನಾ ಫೋನಿನ್ಯಾಗೂ ಹಾಕಿಲ್ಲ. ಭಾವೂಗ ಹ್ಯಾಂಗ ಗೊತ್ತಾತು?"

"ಆಯಿಚೀ ಶಪಥ, ನಮ್ಮವ್ವನಾಣಿ, ನಾ ಅಲ್ಲೋ."

ಉಮರ್ಗಾದ ಈ ಇಬ್ಬರ ರ್‍ಯಾಪ್ ತಂಡದ ಹೆಸರು ಉಲ್ಟಾ ಚಪ್ಪಲ್. ಋಷಿಕೇಶ ಕನ್ನಡದಲ್ಲಿ ಕೆಣಕುವುದು, ಮನೋಜ ಮರಾಠಿಯಲ್ಲಿ ತಿರುಗೇಟು ಕೊಡುವುದು. ದೂಡಿದರಷ್ಟೇ ಓಡುವ ಬಸ್ಸು, ಊಟ ಮುಗಿಸಿ ಮುನಿಯುವ ಬೀಗರು, ಯಾರನ್ನೂ ಬಿಟ್ಟಿರಲಿಲ್ಲ. ಕೊನೆಗೆ ಬ್ಯಾನರ್ ಬ್ಯಾನರಿನಲ್ಲೂ ನಗುವ ಪುಢಾರಿ ಶ್ರೀಮಂತ ಭಾವೂನ ಸರದಿ ಬಂತು: "ರಸ್ತಾದಾಗ ತೆಗ್ಗು, ತೆಗ್ಗಿನ್ಯಾಗ ನೀರು, ನೀರಿನ್ಯಾಗ ಭಾವೂನ ನಗು!"

ಮುರುಮದಿಂದ ಲೋಹಾರಾವರೆಗೆ ಜನ ಬಿದ್ದು ಬಿದ್ದು ನಕ್ಕರು. ಪುಣೆಯ ಹಾಡಿನ ಕಂಪನಿಯೊಂದು ಕರೆ ಮಾಡಿತು: ಜನರ ಮುಂದೆ ಹಾಡುವುದನ್ನು ನೋಡಬೇಕು, ಆಮೇಲೆ ಇಲ್ಲಿಗೇ ಬಂದುಬಿಡಿ. ಅಲ್ಲಿಂದ ಶುರುವಾಯಿತು, ಹೋದಲ್ಲೆಲ್ಲ ಬೀಗ. ಜಾಗ ಗುಟ್ಟಾಗಿಟ್ಟರೂ ಅದೇ ಗತಿ.

ಋಷಿಕೇಶನ ತಾಯಿ ಪ್ರಯಾಗಬಾಯಿಯೊಬ್ಬಳೇ ಪ್ರತಿ ಸಲವೂ ಬೇಸರಿಸದೆ ಬುತ್ತಿ ಕಟ್ಟುತ್ತಿದ್ದಳು. "ಇವತ್ತ ಯಾವೂರಪಾ? ದೂರಿದ್ರ ಎರಡು ರೊಟ್ಟಿ ಹೆಚ್ಚಿಗಿ ಇಡ್ತೀನಿ."

ಉದಗೀರದ ಬೀಗದ ಮುಂದೆ ಋಷಿಕೇಶ ಮನೋಜನ ಕಾಲರ್ ಇನ್ನೂ ಬಿಟ್ಟಿರಲಿಲ್ಲ. "ನಿನ್ನಿ ಭಾವೂನ ಬಂಗಲೆದಾಗಿಂದ ನೀ ಹೊರಗ ಬಂದಿದ್ದು ಮಂದಿ ನೋಡ್ಯಾರ," ಎಂದ.

"ಹೋಗಿದ್ದೆ. ಅದು ಬ್ಯಾರೆ ಮಾತು."

ಋಷಿಕೇಶ ಹೊಡೆದೇಬಿಟ್ಟ. ಮನೋಜ ತುಟಿಯ ರಕ್ತ ಒರೆಸಿಕೊಂಡ. "ಇನ್ನ ಮರಾಠಿ ಸಾಲೂ ನೀನೇ ಬರಕೋ," ಎಂದು ಎದುರು ಬಂದ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ.

ಋಷಿಕೇಶ ಒಬ್ಬನೇ ಹಾಡಿ ನೋಡಿದ. ತಿರುಗೇಟಿಲ್ಲದ ಕೆಣಕು ಮಾತಿಗೆ ಯಾರೂ ನಗಲಿಲ್ಲ. ಪುಣೆಯವರು ಫೋನ್ ಎತ್ತುವುದನ್ನೇ ಬಿಟ್ಟರು.

ಮರುವರ್ಷ ನಿಲಂಗಾದಲ್ಲಿ ಭಾವೂನ ಹುಟ್ಟುಹಬ್ಬ. "ದೊಡ್ಡ ಮನಷ್ಯಾ ಕರದಾನ, ಹೋಗು," ಎಂದಳು ತಾಯಿ. ಋಷಿಕೇಶ ಹೋದ. ಭಾವೂನ ರಸ್ತೆ, ಭಾವೂನ ದಯೆ, ಎಲ್ಲವನ್ನೂ ಪ್ರಾಸ ಕೂಡಿಸಿ ಹೊಗಳಿದ. ಚಪ್ಪಾಳೆ ಬಿತ್ತು. ಬಾಯಿ ಕಹಿಯಾಯಿತು.

ಭಾವೂ ಅವನ ಬಾಯಿಗೆ ಕೇಕ್ ತುರುಕಿದ. "ಇದೆಲ್ಲಾ ಸಾಕು. ಆ ತೆಗ್ಗಿನ ಹಾಡು ಹಚ್ಚೋ. ಕೇಳಿ ಬಾಳ ನಕ್ಕೀನಿ ನಾ."

"ಮತ್ತ ಎಲ್ಲಾ ಕಡಿ ಯಾಕ ಬಂದ್ ಮಾಡಿಸಿದ್ರಿ?"

"ನನಗೇನು ಜರೂರತ್ತಿತ್ತು? ಮನೋಜನೂ ಬಂಗಲೆಕ್ಕ ಬಂದು ಕಾಲು ಹಿಡದಿದ್ದ, ಹಾಡಾಕ ಬಿಡ್ರಿ ಅಂತ. ಆದ್ರ ರಾಖಿ ಕಟ್ಟಿದ ತಂಗಿ ಮಾತು ಹ್ಯಾಂಗ ಮೀರಲಿ? ಪುಣೆಕ್ಕ ಹೋದ್ರ ಮಗ ಕೈ ಬಿಟ್ಟು ಹೋಗ್ತಾನ ಅಂತ ಅತ್ತಳು. ಹಾಡೋ ಊರು ಯಾವುದಂತ ಪ್ರತಿ ಸಲ ಫೋನ್ ಮಾಡಿ ಹೇಳ್ತಿದ್ದಾಕಿ ನಿಮ್ಮವ್ವ ಪ್ರಯಾಗಬಾಯೀನೇ."